ಸೋತವರ ಕೈಬರಹ: ತ್ರಿವಿಕ್ರಮ ಪಂಡಿತಾಚಾರ್ಯರ ಜೀವನ ಮತ್ತು ವಾದದ ದಾಖಲೆ

ವಾದಪರಂಪರೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಆಕರಗಳದು. ವಾದಗಳು ನಡೆದುವೆಂಬುದಕ್ಕೆ ಸಾಕ್ಷ್ಯದ ಕೊರತೆಯೇನೂ ಇಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರ, ಅಕಲಂಕ, ವಾದಿರಾಜ ಮೊದಲಾದ ಜೈನಾಚಾರ್ಯರ ವಾದವಿಜಯಗಳನ್ನು ಸಾಲುಸಾಲಾಗಿ ಕೀರ್ತಿಸುತ್ತದೆ. ಗುರುಪರಂಪರೆಯ ಕಾವ್ಯಗಳು, ಪುರಾಣಗಳು, ಶಾಸನಗಳು ಯಾರು ಯಾರನ್ನು ಎಲ್ಲಿ ಗೆದ್ದರೆಂಬುದನ್ನು ಉತ್ಸಾಹದಿಂದಲೇ ಹೇಳುತ್ತವೆ. ಆದರೆ ಗೆದ್ದವರು ಏನು ಹೇಳಿ ಗೆದ್ದರು, ಸೋತವರು ಯಾವ ಮಾತಿಗೆ ಉತ್ತರ ಕಾಣದೆ ನಿಂತರು ಎಂಬುದು ಅಲ್ಲೆಲ್ಲೂ ಸಿಗುವುದಿಲ್ಲ. ಸೋತವರ ಹೆಸರೇ ಎಷ್ಟೋ ಕಡೆ ಉಳಿದಿಲ್ಲ. ಉಳಿದಿದ್ದರೆ ಅದು ಗೆದ್ದವರ ಬಿರುದಿನ ಭಾಗವಾಗಿ ಮಾತ್ರ.

ಇಂದು ಶಾಸನಸಭೆಯಲ್ಲಿ ಆಡಿದ ಮಾತನ್ನು ಶೀಘ್ರಲಿಪಿಕಾರರು ಆಗಿಂದಾಗಲೇ ಬರೆದುಕೊಳ್ಳುತ್ತಾರೆ. ಚರ್ಚಾಸ್ಪರ್ಧೆಗೆ ನಿಂತ ವಿದ್ಯಾರ್ಥಿ ಎದುರಾಳಿ ಮಾತನಾಡುತ್ತಿರುವಾಗಲೇ ಹಾಳೆಯಲ್ಲಿ ಗೆರೆಯೆಳೆದು, ಒಂದು ಕಡೆ ಅವರ ವಾದವನ್ನು, ಅದರ ಎದುರಿಗೆ ತನ್ನ ಉತ್ತರವನ್ನು ಸಂಕೇತಾಕ್ಷರಗಳಲ್ಲಿ ಗುರುತಿಸಿಕೊಳ್ಳುತ್ತಾನೆ. ಪಿಟ್‌ಮನ್ನನ ಶೀಘ್ರಲಿಪಿ ಪ್ರಕಟವಾದದ್ದು 1837ರಲ್ಲಿ. ಅದಕ್ಕೆ ಐದು ಶತಮಾನಗಳಿಗೂ ಹಿಂದೆ, ತಾಳೆಗರಿಯ ಕಾಲದಲ್ಲಿ, ದಿನಗಟ್ಟಲೆ ನಡೆದ ವಾದವೊಂದು ಹೇಗೆ ನೆನಪಿನಲ್ಲಿ ನಿಂತಿತು, ಹೇಗೆ ಬರಹಕ್ಕೆ ಇಳಿಯಿತು ಎಂಬ ಪ್ರಶ್ನೆಗೆ ಕರಾವಳಿಯ ಒಬ್ಬ ವಿದ್ವಾಂಸರ ಜೀವನ ಅಪರೂಪದ ಉತ್ತರವನ್ನು ಒದಗಿಸುತ್ತದೆ. ಅವರು ತ್ರಿವಿಕ್ರಮ ಪಂಡಿತಾಚಾರ್ಯರು. ಮಧ್ವಾಚಾರ್ಯರೊಡನೆ ವಾದ ಮಾಡಿ ಸೋತವರೆಂದು ಅವರು ಪ್ರಸಿದ್ಧರು. ಆ ಪ್ರಸಿದ್ಧಿಯ ಮರೆಯಲ್ಲಿ ಅವರ ಬದುಕಿನ ಇನ್ನೊಂದು ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ: ತಾವು ಸೋತ ವಾದವನ್ನು ಬರಹದಲ್ಲಿ ಮುಂದುವರಿಸಿದವರು ಅವರೇ.

ತ್ರಿವಿಕ್ರಮ ಪಂಡಿತರ ಜೀವನಕ್ಕೆ ಮುಖ್ಯ ಆಕರ ಅವರ ಮಗ ನಾರಾಯಣ ಪಂಡಿತಾಚಾರ್ಯರು ಬರೆದ ಸುಮಧ್ವವಿಜಯ. 16 ಸರ್ಗಗಳ ಈ ಸಂಸ್ಕೃತ ಮಹಾಕಾವ್ಯದ ನಾಯಕರು ಮಧ್ವಾಚಾರ್ಯರಾದರೂ ಹದಿಮೂರನೆಯ ಸರ್ಗದಿಂದ ಹದಿನೈದನೆಯ ಸರ್ಗದವರೆಗೆ ಕವಿಯ ತಂದೆ ಕಥೆಯ ನಡುವಿನಲ್ಲಿಯೇ ನಿಲ್ಲುತ್ತಾರೆ. ಮಗನೇ ತಂದೆಯ ಸೋಲನ್ನು ಕಾವ್ಯವಸ್ತುವಾಗಿ ಮಾಡಿಕೊಂಡ ಉದಾಹರಣೆಗಳು ನಮ್ಮ ಸಾಹಿತ್ಯದಲ್ಲಿ ಹೆಚ್ಚಿಲ್ಲ. ಕಾವ್ಯಕ್ಕೆ ಕವಿಯೇ ಭಾವಪ್ರಕಾಶಿಕೆಯೆಂಬ ಕಿರುಟಿಪ್ಪಣಿಯನ್ನೂ ಬರೆದಿದ್ದಾರೆ. ಕನ್ನಡ ಮತ್ತು ತುಳು ಅಧ್ಯಯನಕಾರರಿಗೆ ಕಾವ್ಯದಷ್ಟೇ ಈ ಟಿಪ್ಪಣಿಯೂ ಮುಖ್ಯ. ಮಹಾಕಾವ್ಯದ ಶೈಲಿಗೆ ಹೊಂದುವಂತೆ ಊರು, ಮನೆ, ಮನೆತನಗಳ ಹೆಸರುಗಳನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸಿದ ಕವಿ, ಟಿಪ್ಪಣಿಯಲ್ಲಿ ಅವುಗಳ ನೆಲದ ರೂಪವನ್ನು ಬಿಡಿಸಿ ತೋರಿಸುತ್ತಾರೆ. ಮಧ್ಯಗೇಹವೆಂದರೆ ನಡ್ಡಂತಿಲ್ಲಾಯ, ಲಿಕುಚವೆಂದರೆ ಪೆಜತ್ತಾಯ. ಬರೆದವನೇ ಬಿಡಿಸಿ ಹೇಳದಿದ್ದರೆ ಸಂಕೇತವು ಒಂದೆರಡು ತಲೆಮಾರುಗಳಲ್ಲಿ ಮೂಕವಾಗುತ್ತದೆಯೆಂಬ ಎಚ್ಚರ ಈ ಮನೆತನಕ್ಕೆ ಇದ್ದಂತೆ ತೋರುತ್ತದೆ. ಆ ಎಚ್ಚರ ಎಲ್ಲಿಂದ ಬಂದಿತೆಂಬುದನ್ನು ತಂದೆಯ ಜೀವನದಲ್ಲಿ ಹುಡುಕಬೇಕು.

ಪೆಜತ್ತಾಯ ಮನೆತನ ಇಂದಿನ ಕಾಸರಗೋಡು ಸೀಮೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಈ ನೆಲ ಹದಿಮೂರನೆಯ ಶತಮಾನದಲ್ಲಿ ಕುಂಬಳೆಯ ಅರಸರ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ತುಳು, ವಿದ್ವತ್ಸಭೆಯಲ್ಲಿ ಸಂಸ್ಕೃತ ಎಂಬ ಭಾಷಾವಿನ್ಯಾಸದಲ್ಲಿ ಬೆಳೆದ ತ್ರಿವಿಕ್ರಮರು ಬಾಲ್ಯದಲ್ಲಿಯೇ ಕವಿಯೆಂದು ಹೆಸರಾದರೆಂದು ಕಾವ್ಯ ಹೇಳುತ್ತದೆ. ಮಗುವಿನ ತೊದಲು ಮಾತೇ ಪದ್ಯವಾಯಿತೆಂಬಂಥ ವರ್ಣನೆಗಳು ಮಹಾಕಾವ್ಯದ ಸಂಪ್ರದಾಯಕ್ಕೆ ಸೇರಿದುವಾದ್ದರಿಂದ ಅವುಗಳನ್ನು ಬದಿಗಿಟ್ಟರೂ ನಡೆಯುತ್ತದೆ. ಗಮನಿಸಬೇಕಾದುದು ಅವರ ಶಾಸ್ತ್ರಾಭ್ಯಾಸದ ವಿವರ. ಭಾನುಪಂಡಿತರೆಂಬ ಗುರುವಿನಲ್ಲಿ ಅವರು ಅದ್ವೈತ ವೇದಾಂತದ ಗ್ರಂಥಗಳನ್ನು ಓದಿದರು. ಓದಿದುದರಲ್ಲಿ ಪೂರ್ಣ ಸಮಾಧಾನ ಅವರಿಗೆ ದೊರೆಯಲಿಲ್ಲವೆಂದೂ, ತಮ್ಮ ಮತವನ್ನು ಸಭೆಯಲ್ಲಿ ಸಮರ್ಥಿಸುವಾಗ ತೋರುತ್ತಿದ್ದ ದೃಢತೆ ಏಕಾಂತದಲ್ಲಿ ಇರಲಿಲ್ಲವೆಂದೂ ನಾರಾಯಣ ಪಂಡಿತರ ಚಿತ್ರಣದಿಂದ ತಿಳಿಯುತ್ತದೆ. ಗೆದ್ದ ಮತದ ಕವಿ ಸೋತವರ ಪೂರ್ವಾಶ್ರಮದಲ್ಲಿ ಸಂಶಯದ ಬೀಜವನ್ನು ಬಿತ್ತುವುದು ಸಹಜವೇ. ಹಾಗಿದ್ದರೂ ಇಲ್ಲಿ ಅದನ್ನು ಬರೆಯುತ್ತಿರುವವರು ಮಗ; ಮನೆಯ ಮಾತಿನ ನೆನಪು ಇದರಲ್ಲಿ ಸೇರಿಕೊಂಡಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ವಾದಕ್ಕೆ ಮೊದಲು ನಡೆದ ಘಟನೆಯೊಂದು ಇಡೀ ಕಥೆಯ ಕೀಲಿಯಂತಿದೆ. ಅದು ಗ್ರಂಥಗಳ ಕಳವು. ಮಧ್ವಾಚಾರ್ಯರು ಪುಂಡರೀಕಪುರಿಯೆಂಬ ಸಂನ್ಯಾಸಿಯನ್ನು ವಾದದಲ್ಲಿ ಗೆದ್ದ ಮೇಲೆ ಎದುರು ಪಕ್ಷದ ಪದ್ಮತೀರ್ಥರ ಕಡೆಯಿಂದ ಆಚಾರ್ಯರ ಗ್ರಂಥಭಂಡಾರ ಅಪಹೃತವಾಯಿತೆಂದು ಸುಮಧ್ವವಿಜಯದ ಹನ್ನೆರಡನೆಯ ಸರ್ಗ ತಿಳಿಸುತ್ತದೆ. ವಾದದಲ್ಲಿ ಸೋತ ಪಕ್ಷ ಪುಸ್ತಕಗಳ ಮೇಲೆ ಕೈಹಾಕಿತೆಂಬುದನ್ನು ದ್ವೇಷದ ಕಥೆಯಾಗಿ ಮಾತ್ರ ನೋಡಿದರೆ ಅದರ ಅರ್ಥ ಪೂರ್ತಿ ಸಿಗುವುದಿಲ್ಲ. ಒಂದು ಕೃತಿಯ ಪ್ರತಿಗಳು ಬೆರಳೆಣಿಕೆಯಷ್ಟೇ ಇದ್ದ ಕಾಲದಲ್ಲಿ ಭಂಡಾರವೊಂದನ್ನು ಒಯ್ಯುವುದೆಂದರೆ ಎದುರಾಳಿಯ ಮಾತಿಗಿರುವ ಆಧಾರವನ್ನೇ ಒಯ್ದಂತೆ. ಸಭೆಯಲ್ಲಿ ಮೌಖಿಕವಾಗಿ ನಡೆಯುತ್ತಿದ್ದ ವಾದವು ಲಿಖಿತ ಗ್ರಂಥವನ್ನು ಎಷ್ಟು ಆಳವಾಗಿ ಅವಲಂಬಿಸಿತ್ತೆಂಬುದಕ್ಕೆ ಈ ಕಳವಿಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಭಂಡಾರದ ಪಾಲನೆ ತ್ರಿವಿಕ್ರಮರ ತಮ್ಮ ಶಂಕರ ಪಂಡಿತರದಾಗಿತ್ತು. ತಮ್ಮ ಆಗಲೇ ಮಧ್ವಾಚಾರ್ಯರ ಶಿಷ್ಯ. ಅಣ್ಣ ಆ ಸೀಮೆಯ ಅದ್ವೈತ ವಿದ್ವಾಂಸರಿಗೆ ಬಲ. ಒಂದೇ ಮನೆತನದಲ್ಲಿ ಎರಡು ಪಕ್ಷಗಳು ಹೀಗೆ ಬೆಳೆದಿದ್ದ ಕಾಲದಲ್ಲಿ, ತಮ್ಮನ ವಶದಲ್ಲಿದ್ದ ಆಚಾರ್ಯರ ಕೃತಿಗಳನ್ನು ಅಣ್ಣ ರಾತ್ರಿಯ ಹೊತ್ತು ಗುಟ್ಟಾಗಿ ತೆಗೆದು ಓದುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಗುಟ್ಟಾಗಿ ಏಕೆ ಓದಬೇಕಾಯಿತು? ಹಗಲಿನಲ್ಲಿ ಖಂಡಿಸಬೇಕಾದ ಗ್ರಂಥವನ್ನು ಇರುಳಿನಲ್ಲಿ ಓದುತ್ತಿದ್ದ ಈ ವ್ಯಕ್ತಿಯನ್ನು ಮತಾಂತರದ ಕಥೆಯ ನಾಯಕನೆಂದು ನೋಡುವುದು ರೂಢಿ. ಆದರೆ ವಾದಿಯೊಬ್ಬನ ಸಿದ್ಧತೆಯೆಂದೂ ಅದನ್ನು ನೋಡಬಹುದು. ಎದುರಾಳಿಯ ಪೂರ್ವಪಕ್ಷವನ್ನು ಅವನಷ್ಟೇ ಚೆನ್ನಾಗಿ ಬಲ್ಲವನು ಮಾತ್ರ ಸಭೆಯಲ್ಲಿ ನಿಲ್ಲಬಲ್ಲ. ಎರಡೂ ವಿವರಣೆಗಳು ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ.

ಕುಂಬಳೆಯ ಅರಸ ಜಯಸಿಂಹನ ಮಧ್ಯಸ್ಥಿಕೆಯಿಂದ ಗ್ರಂಥಗಳು ಮರಳಿದುವು. ಆ ಸಂದರ್ಭದಲ್ಲಿ ಮಧ್ವಾಚಾರ್ಯರು ಅರಸನ ಸೀಮೆಗೆ ಬಂದರು. ಕಾಸರಗೋಡಿನ ಬಳಿಯ ಕೂಡ್ಲಿನ ವಿಷ್ಣುಮಂಗಲ ದೇವಾಲಯದಲ್ಲಿ ತ್ರಿವಿಕ್ರಮರೊಡನೆ ವಾದ ನಡೆಯಿತು. ಕಳೆದ ಪುಸ್ತಕಗಳು ಕೈಸೇರಿದ ಬೆನ್ನಿಗೇ, ಆ ಪುಸ್ತಕಗಳನ್ನು ಕಾಯುತ್ತಿದ್ದವನ ಅಣ್ಣನೊಡನೆಯೇ ವಾದ ಏರ್ಪಟ್ಟದ್ದು ಕಾವ್ಯಕ್ಕೆ ಒದಗಿಬಂದ ಸನ್ನಿವೇಶ. ವಾದ ಎಷ್ಟು ದಿನ ನಡೆಯಿತೆಂಬುದನ್ನು ಹೇಳುವಲ್ಲಿ ಕವಿ ಏಳು ಮತ್ತು ಎಂಟು ಎಂಬ ಸಂಖ್ಯಾಪದಗಳನ್ನು ಜೋಡಿಸಿ ಹೇಳಿದ್ದಾರೆ. ಸಂಪ್ರದಾಯ ಅವೆರಡನ್ನು ಕೂಡಿಸಿ 15 ದಿನಗಳೆಂದು ಎಣಿಸುತ್ತದೆ. ಏಳೆಂಟು ದಿನಗಳೆಂಬ ವಾಡಿಕೆಯ ಅರ್ಥವನ್ನೇ ಹಿಡಿದರೂ ವಾದದ ಗಾತ್ರ ಚಿಕ್ಕದೇನಲ್ಲ.

ಇಷ್ಟು ದಿನಗಳ ವಾದದಲ್ಲಿ ಹಿಂದಿನ ದಿನದ ಮಾತನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಸಾಧ್ಯವಾಯಿತು? ಸಭೆಯಲ್ಲಿ ಕುಳಿತು ಬರೆದುಕೊಳ್ಳುವುದು ಅಂದಿನ ಬರವಣಿಗೆಯ ಸಾಧನಗಳಿಂದ ಆಗುವ ಕೆಲಸವಾಗಿರಲಿಲ್ಲ. ತಾಳೆಗರಿಯ ಮೇಲೆ ಶಾಯಿಯಿಂದ ಬರೆಯುವುದಲ್ಲ, ಕಂಟದ ಮೊನೆಯಿಂದ ಅಕ್ಷರವನ್ನು ಕೊರೆಯುವುದು. ಎಡಗೈಯಲ್ಲಿ ಗರಿಯನ್ನು ಹಿಡಿದು, ಅದರ ಹೆಬ್ಬೆರಳಿನ ಆಸರೆಯಲ್ಲಿ ಕಂಟವನ್ನು ನಡೆಸಬೇಕು. ಒತ್ತಡ ಹೆಚ್ಚಾದರೆ ಗರಿ ಸೀಳುತ್ತದೆ, ಕಡಿಮೆಯಾದರೆ ಗೀರು ನಿಲ್ಲುವುದಿಲ್ಲ. ಕೊರೆದ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ ಮೇಲೆ ಮಸಿ ಸವರಿ ಒರೆಸಬೇಕು. ಕರಾವಳಿಯ ಸಂಸ್ಕೃತ ಗ್ರಂಥಗಳಿಗೆ ಬಳಕೆಯಾಗುತ್ತಿದ್ದ ತುಳು ಲಿಪಿಯ ದುಂಡಾದ ರೂಪ ಗರಿಯ ಎಳೆಗಳನ್ನು ಉಳಿಸುತ್ತದೆಯೇ ಹೊರತು ಕೈಯ ವೇಗವನ್ನು ಹೆಚ್ಚಿಸುವುದಿಲ್ಲ. ಮಾತಿನ ವೇಗಕ್ಕೂ ಈ ಕೈಯ ವೇಗಕ್ಕೂ ಇರುವ ಅಂತರವನ್ನು ತುಂಬಲು ವಾದಶಾಸ್ತ್ರವು ಬರಹವನ್ನು ಬಿಟ್ಟು ಬೇರೆಯೇ ದಾರಿಯನ್ನು ಕಂಡುಕೊಂಡಿತು.

ಆ ದಾರಿ ಅನುವಾದದ್ದು. ಇಲ್ಲಿ ಅನುವಾದವೆಂದರೆ ಭಾಷಾಂತರವಲ್ಲ. ಎದುರಾಳಿ ಹೇಳಿದ್ದನ್ನು ತಾನು ಉತ್ತರಿಸುವುದಕ್ಕೆ ಮೊದಲು ಮತ್ತೆ ಹೇಳುವುದು. ನ್ಯಾಯಸೂತ್ರವು ಎಣಿಸುವ 22 ನಿಗ್ರಹಸ್ಥಾನಗಳಲ್ಲಿ, ಅಂದರೆ ಸೋಲಿಗೆ ಕಾರಣವಾಗುವ ಸಂದರ್ಭಗಳಲ್ಲಿ, ಅನನುಭಾಷಣವೂ ಒಂದು. ವಾದಿಯು ಮೂರು ಬಾರಿ ಹೇಳಿ, ಸಭೆಗೆ ಅರ್ಥವಾದ ಮಾತನ್ನು ಪ್ರತಿವಾದಿಯು ಮರಳಿ ಹೇಳಲಾರದೆ ಹೋದರೆ ಅಲ್ಲಿಗೆ ಅವನು ಸೋತಂತೆ. ಉತ್ತರ ಎಷ್ಟೇ ಸೊಗಸಾಗಿದ್ದರೂ ಅದು ಯಾವ ಮಾತಿಗೆ ಉತ್ತರವೆಂಬುದು ಸಭೆಗೆ ಗೊತ್ತಾಗಬೇಕೆಂಬುದು ಈ ನಿಯಮದ ತಿರುಳು. ಇಂದಿನ ಸ್ಪರ್ಧಿಯ ಹಾಳೆಯಲ್ಲಿ ಎಡಭಾಗಕ್ಕೆ ಸೇರುವ ಟಿಪ್ಪಣಿ ಅಂದಿನ ಸಭೆಯಲ್ಲಿ ಪ್ರತಿವಾದಿಯ ನಾಲಗೆಯ ಮೇಲೆಯೇ, ಎಲ್ಲರಿಗೂ ಕೇಳುವಂತೆ ಸಿದ್ಧವಾಗಬೇಕಿತ್ತು. ಅದರ ಸರಿತಪ್ಪುಗಳಿಗೆ ಇಡೀ ಸಭೆ ಸಾಕ್ಷಿ. ಬರೆದುಕೊಂಡವನು ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಸಭೆಯಲ್ಲಿ ಅನುವಾದ ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ.

ನೆನಪಿಗೆ ಆಸರೆಯಾಗಿ ಚೌಕಟ್ಟುಗಳೂ ಇದ್ದುವು. ವೇದಾಂತದ ಅಧಿಕರಣವು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ವಾದವನ್ನು ಜೋಡಿಸುತ್ತದೆ. ಯಾವ ಮಾತು ಯಾವ ಮನೆಗೆ ಸೇರಬೇಕೆಂಬುದು ಮೊದಲೇ ಗೊತ್ತಿರುವುದರಿಂದ ಕೇಳಿದ್ದು ಚದುರುವುದಿಲ್ಲ. ಒಂದು ವಾಕ್ಯದ ಮೊದಲ ಪದವನ್ನಷ್ಟೇ ಹೇಳಿ ಇಡೀ ವಾಕ್ಯವನ್ನು ಸೂಚಿಸುವ ಪ್ರತೀಕದ ಪದ್ಧತಿಯೂ ಇಂಥದ್ದೇ. ವ್ಯಾಖ್ಯಾನ ಸಾಹಿತ್ಯದಲ್ಲಿ ಅದು ಒಂದು ಬಗೆಯ ಶೀಘ್ರಲಿಪಿಯಂತೆ ಕೆಲಸ ಮಾಡುತ್ತದೆ. ಮಧ್ವಾಚಾರ್ಯರಿಗೆ ವಾದದ ಈ ಶಿಸ್ತಿನ ಬಗ್ಗೆ ಸ್ವತಂತ್ರವಾದ ಆಸಕ್ತಿಯಿತ್ತು. ವಾದ, ಜಲ್ಪ, ವಿತಂಡಗಳ ಲಕ್ಷಣವನ್ನು ಹೇಳುವುದಕ್ಕೆಂದೇ ಅವರು ಕಥಾಲಕ್ಷಣವೆಂಬ ಪ್ರಕರಣವನ್ನು ಬರೆದಿದ್ದಾರೆ. ವಾದವನ್ನು ತೂಗಿನೋಡುವ ಪ್ರಾಶ್ನಿಕರು ರಾಗದ್ವೇಷಗಳಿಲ್ಲದವರೂ ಶಾಸ್ತ್ರಜ್ಞರೂ ಆಗಿರಬೇಕು, ಅವರ ಸಂಖ್ಯೆ ಬೆಸವಾಗಿರಬೇಕು ಅಥವಾ ಒಬ್ಬನೇ ಇರಬೇಕು ಎಂಬಂಥ ವ್ಯವಹಾರದ ವಿವರಗಳೂ ಅದರಲ್ಲಿವೆ. ತೀರ್ಪುಗಾರರಲ್ಲಿ ಸಮಬಲ ಬರಬಾರದೆಂಬ ಈ ಎಣಿಕೆಯನ್ನು ಮಾಡಿದವರು ಸಭೆಗಳನ್ನು ಹತ್ತಿರದಿಂದ ಕಂಡವರೇ ಸರಿ.

ವಿಷ್ಣುಮಂಗಲದ ವಾದವನ್ನು ಸುಮಧ್ವವಿಜಯದ ಹದಿನೈದನೆಯ ಸರ್ಗ ವಿಸ್ತಾರವಾಗಿ ನಿರೂಪಿಸುತ್ತದೆ. ವಿಷ್ಣುವಿನ ಸರ್ವೋತ್ತಮತ್ವ, ಜಗತ್ತಿನ ಕಾರಣತ್ವ, ಸಾಂಖ್ಯಾದಿ ಮತಗಳ ನಿರಾಕರಣೆ, ಜಗತ್ತು ಮಿಥ್ಯೆಯೆಂಬ ನಿಲುವಿನ ಖಂಡನೆ, ಮೋಕ್ಷದ ಸ್ವರೂಪ ಹೀಗೆ ಪ್ರಮೇಯಗಳು ಸಾಗುತ್ತವೆ. ಕಾವ್ಯವು ತರ್ಕದ ಎಳೆಯನ್ನು ಇಷ್ಟು ದೂರ ಹಿಡಿದುಕೊಂಡು ಹೋಗುವುದು ವಾದವಿಜಯದ ವರ್ಣನೆಗಳಲ್ಲಿ ಸಾಮಾನ್ಯವಲ್ಲ. ಆದರೂ ಇದನ್ನು ವಾದದ ವರದಿಯೆಂದು ಸ್ವೀಕರಿಸಲು ಒಂದು ದೊಡ್ಡ ಅಡ್ಡಿಯಿದೆ. ಆಚಾರ್ಯರ ಮಾತು ಇಲ್ಲಿ ತುಂಬಿದೆ. ತ್ರಿವಿಕ್ರಮರ ಮಾತು ಅದಕ್ಕೆ ತಕ್ಕ ಪ್ರಮಾಣದಲ್ಲಿಲ್ಲ. ಅವರು ಶ್ರುತಿಯುಕ್ತಿಗಳನ್ನು ಒಡ್ಡಿದರು, ಆಚಾರ್ಯರು ಅವುಗಳನ್ನು ನಿರಾಕರಿಸಿದರು ಎಂಬ ಧಾಟಿಯೇ ಮುಂದುವರಿಯುತ್ತದೆ. ಕೊನೆಗೆ ತ್ರಿವಿಕ್ರಮರು ಎದ್ದು ನಮಸ್ಕರಿಸಿ ಶಿಷ್ಯತ್ವವನ್ನು ಬೇಡುತ್ತಾರೆ. ದಿನಗಟ್ಟಲೆ ಎದುರು ನಿಂತ ವಿದ್ವಾಂಸನ ವಾದಗಳು ಹೀಗೆ ತೆಳುವಾಗಿ ಕಾಣಲು ಕಾರಣ ಮಗನ ಗುರುಭಕ್ತಿಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ವಾದಗಳು ಬೇರೊಂದು ಕಡೆ ದಾಖಲಾಗಿರುವುದರಿಂದ ಮಗನಿಗೆ ಅವುಗಳನ್ನು ಇಲ್ಲಿ ಬರೆಯುವ ಅಗತ್ಯ ಕಾಣಲಿಲ್ಲವೆಂದೂ ಊಹಿಸಲು ಅವಕಾಶವಿದೆ.

ಆ ಬೇರೊಂದು ಕಡೆ ಯಾವುದೆಂಬುದನ್ನು ಸರ್ಗದ ಮುಂದಿನ ಭಾಗವೇ ಸೂಚಿಸುತ್ತದೆ. ಶಿಷ್ಯರಾದ ತ್ರಿವಿಕ್ರಮರಿಗೆ ಆಚಾರ್ಯರು ತಮ್ಮ ಬ್ರಹ್ಮಸೂತ್ರ ಭಾಷ್ಯಕ್ಕೆ ಟೀಕೆ ಬರೆಯುವಂತೆ ಆಜ್ಞಾಪಿಸಿದರು. ಹಾಗೆ ರಚಿತವಾದ ತತ್ತ್ವಪ್ರದೀಪ ಭಾಷ್ಯಕ್ಕೆ ಹುಟ್ಟಿದ ಮೊದಲ ಟೀಕೆ. ಹಳೆಯ ಶಿಷ್ಯರು ಅನೇಕರಿರುವಾಗ, ನಿನ್ನೆಯವರೆಗೆ ಎದುರು ಪಕ್ಷದಲ್ಲಿದ್ದವರಿಗೆ ಈ ಹೊಣೆಯನ್ನು ಒಪ್ಪಿಸಿದ್ದು ಆಕಸ್ಮಿಕವಾಗಿರಲಾರದು. ಭಾಷ್ಯದ ಸಂಕ್ಷಿಪ್ತ ವಾಕ್ಯಗಳಲ್ಲಿ ಓದುಗನು ಎಲ್ಲಿ ಎಡವುತ್ತಾನೆ, ಎದುರಾಳಿ ಎಲ್ಲಿ ಕೈಹಾಕುತ್ತಾನೆ ಎಂಬುದನ್ನು ಎದುರಾಳಿಯಾಗಿದ್ದವರೇ ಚೆನ್ನಾಗಿ ಬಲ್ಲರು. ಮಧ್ವಾಚಾರ್ಯರ ಸುತ್ತಲಿನ ಬರಹಗಾರರಲ್ಲಿ ಈ ಬಗೆಯವರು ತ್ರಿವಿಕ್ರಮರೊಬ್ಬರೇ ಅಲ್ಲ. ಗೋದಾವರಿ ತೀರದ ವಾದದಲ್ಲಿ ಸೋತು ಶಿಷ್ಯರಾದ ಶೋಭನಭಟ್ಟರೇ ಮುಂದೆ ಪದ್ಮನಾಭತೀರ್ಥರೆಂದು ಪ್ರಸಿದ್ಧರಾಗಿ ಆಚಾರ್ಯರ ಕೃತಿಗಳಿಗೆ ಟೀಕೆಗಳನ್ನು ಬರೆದರೆಂಬುದು ಸಂಪ್ರದಾಯ. ದ್ವೈತ ವೇದಾಂತದ ಟೀಕಾಪರಂಪರೆಯ ಆರಂಭದ ಲೇಖನಿಗಳು ಹೀಗೆ ಬಹುಮಟ್ಟಿಗೆ ಸೋತವರ ಕೈಯಲ್ಲಿದ್ದುವು.

ತ್ರಿವಿಕ್ರಮರು ಆಜ್ಞೆಯನ್ನು ಒಪ್ಪಿಕೊಂಡದ್ದರ ಜೊತೆಗೆ ಒಂದು ಬೇಡಿಕೆಯನ್ನೂ ಮುಂದಿಟ್ಟರು. ಭಾಷ್ಯ ಗಂಭೀರವಾದುದು, ಅದರಲ್ಲಿ ಅಡಗಿರುವ ಯುಕ್ತಿಗಳು ಎಲ್ಲರಿಗೂ ಸಿಗುವುದಿಲ್ಲ. ಅವುಗಳನ್ನು ಬಿಡಿಸಿ ಹೇಳುವ ಇನ್ನೊಂದು ಕೃತಿ ಬೇಕು ಎಂಬುದು ಅದರ ಸಾರ. ಈ ಬೇಡಿಕೆಗೆ ಉತ್ತರವಾಗಿ ಹುಟ್ಟಿದ್ದು ಅನುವ್ಯಾಖ್ಯಾನ. ಸುಮಾರು ಎರಡು ಸಾವಿರ ಶ್ಲೋಕಗಳ ಈ ಕೃತಿ ಬ್ರಹ್ಮಸೂತ್ರಗಳನ್ನು ಮತ್ತೆ ವಿವರಿಸುತ್ತದೆ. ಭಾಷ್ಯದಲ್ಲಿ ಸೂಚನೆಯಾಗಿ ಮಾತ್ರ ಇದ್ದ ಪರಮತ ಖಂಡನೆ ಇಲ್ಲಿ ಮೊದಲ ಅಧಿಕರಣದಿಂದಲೇ ವಿಸ್ತಾರವಾಗಿ ತೆರೆದುಕೊಳ್ಳುತ್ತದೆ. ಪೂರ್ವಪಕ್ಷಗಳನ್ನು ಎತ್ತಿಕೊಳ್ಳುವ ಕ್ರಮವನ್ನು ನೋಡಿದರೆ, ವಿಷ್ಣುಮಂಗಲದ ಸಭೆಯಲ್ಲಿ ಎದ್ದ ಪ್ರಶ್ನೆಗಳ ನೆರಳು ಇಲ್ಲಿದೆಯೆಂದು ಭಾವಿಸುವುದು ಅಸಂಗತವಾಗಲಾರದು. ವಾದದಲ್ಲಿ ತ್ರಿವಿಕ್ರಮರು ಆಡಿದ ಮಾತು ಮಗನ ಕಾವ್ಯದಲ್ಲಿ ಕಾಣದಿದ್ದರೂ ಅವರ ಪ್ರಶ್ನೆಯಿಂದ ಹುಟ್ಟಿದ ಗ್ರಂಥದಲ್ಲಿ ಉತ್ತರದ ರೂಪದಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು.

ಅನುವ್ಯಾಖ್ಯಾನ ಬರಹಕ್ಕೆ ಇಳಿದ ಬಗೆಯೂ ಕುತೂಹಲಕರ. ಸೂತ್ರಗಳ ನಾಲ್ಕು ಅಧ್ಯಾಯಗಳಿಗೆ ಸಂಬಂಧಿಸಿದ ಶ್ಲೋಕಗಳನ್ನು ಆಚಾರ್ಯರು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಯಿಸಿದರೆಂದು ಸುಮಧ್ವವಿಜಯ ಬೆರಗಿನಿಂದ ವರ್ಣಿಸುತ್ತದೆ. ಭಕ್ತರು ಇದನ್ನು ಪವಾಡವೆನ್ನುತ್ತಾರೆ, ಸಂಶಯಿಗಳು ಉತ್ಪ್ರೇಕ್ಷೆಯೆನ್ನುತ್ತಾರೆ. ತಾಳೆಗರಿಯ ಬರವಣಿಗೆಯ ವೇಗವನ್ನು ನೆನೆದರೆ ಮೂರನೆಯ ವಿವರಣೆಯೊಂದು ಹೊಳೆಯುತ್ತದೆ. ಒಬ್ಬ ಲಿಪಿಕಾರನು ಒಂದು ಶ್ಲೋಕವನ್ನು ಕೊರೆದು ಮುಗಿಸುವಷ್ಟರಲ್ಲಿ ಹೇಳುವವನ ಬಾಯಿ ಬರಿದಾಗಿರುತ್ತದೆ. ಆ ಬಿಡುವಿನಲ್ಲಿ ಎರಡನೆಯವನಿಗೆ, ಬಳಿಕ ಮೂರನೆಯವನಿಗೆ, ನಾಲ್ಕನೆಯವನಿಗೆ ಹೇಳಿ ಮತ್ತೆ ಮೊದಲನೆಯವನ ಬಳಿಗೆ ಬಂದರೆ ಮಾತಿನ ವೇಗವೂ ಕೈಯ ವೇಗವೂ ಸರಿಹೊಂದುತ್ತವೆ. ನಾಲ್ಕು ಅಧ್ಯಾಯಗಳ ಎಳೆಯನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬಲ್ಲ ಧಾರಣಶಕ್ತಿ ಇದಕ್ಕೆ ಬೇಕೇ ಬೇಕು; ಅದು ಸಾಮಾನ್ಯವಾದುದಲ್ಲ. ಆದರೆ ಏರ್ಪಾಟು ಮಾತ್ರ ಕೆಲಸ ಬಲ್ಲವರದು. ಇಂದಿನ ಶಾಸನಸಭೆಗಳಲ್ಲಿ ಶೀಘ್ರಲಿಪಿಕಾರರು ಸರದಿಯಂತೆ ಕೆಲವೇ ನಿಮಿಷ ಬರೆದು ಎದ್ದುಹೋಗುವ ಪದ್ಧತಿ ಇದೇ ತೊಡಕಿಗೆ ಕಂಡುಕೊಂಡ ಇನ್ನೊಂದು ಪರಿಹಾರ.

ಲಿಪಿಕಾರ ಶಿಷ್ಯರ ಪಾತ್ರ ಮಧ್ವ ಸಾಹಿತ್ಯದಲ್ಲಿ ಮೊದಲಿನಿಂದಲೂ ಇದೆ. ಸೂತ್ರಭಾಷ್ಯವನ್ನು ಬರೆದುಕೊಂಡವರು ಸತ್ಯತೀರ್ಥರು. ಪಲಿಮಾರು ಮಠದ ಮೂಲಯತಿಗಳಾದ ಹೃಷೀಕೇಶತೀರ್ಥರು ಆಚಾರ್ಯರ ಸರ್ವಮೂಲ ಗ್ರಂಥಗಳನ್ನು ತುಳು ಲಿಪಿಯಲ್ಲಿ ಬರೆದಿಟ್ಟ ತಾಳೆಗರಿಯ ಪ್ರತಿ ಆ ಮಠದಲ್ಲಿ ಉಳಿದುಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲ ಗ್ರಂಥಗಳನ್ನು ಸಂಪಾದಿಸಿದಾಗ ಆಧಾರವಾಗಿ ಹಿಡಿದದ್ದು ಈ ಪ್ರತಿಯನ್ನೇ. ಗುರುವಿನ ಮಾತನ್ನು ಶಿಷ್ಯನ ಕೈ ಹಿಡಿದಿಟ್ಟ ಈ ಪರಂಪರೆಯಲ್ಲಿ ತ್ರಿವಿಕ್ರಮರ ಸ್ಥಾನ ತುಸು ಭಿನ್ನವಾದುದು. ಅವರು ಹೇಳಿದ್ದನ್ನು ಬರೆದುಕೊಂಡ ಲಿಪಿಕಾರರಲ್ಲ, ಹೇಳಿಸಿದವರು.

ಕವಿಯಾಗಿ ಅವರ ಕೃತಿಗಳಲ್ಲಿ ಉಷಾಹರಣವೆಂಬ ಕಾವ್ಯವೂ ವಾಯುಸ್ತುತಿಯೂ ಮುಖ್ಯವಾದುವು. ಉಷಾಹರಣವನ್ನು ಇಂದು ಓದುವವರು ವಿರಳ. ವಾಯುಸ್ತುತಿಯ ಸ್ಥಿತಿ ಅದಕ್ಕೆ ತೀರ ವಿರುದ್ಧವಾದುದು. ಮಾಧ್ವ ಮನೆಗಳಲ್ಲಿ ಅದು ನಿತ್ಯಪಾರಾಯಣದ ಸ್ತೋತ್ರ. ಉಡುಪಿಯಲ್ಲಿ ಆಚಾರ್ಯರು ಪೂಜೆಯಲ್ಲಿದ್ದಾಗ ಅವರ ಮೂರು ಅವತಾರಗಳನ್ನು ಕಂಡು ತ್ರಿವಿಕ್ರಮರು ಇದನ್ನು ರಚಿಸಿದರೆಂದು ಐತಿಹ್ಯ. ವಾದ ಮಾಡಿದವರು, ಟೀಕೆ ಬರೆದವರು ಎಂಬುದನ್ನು ಮರೆಸುವಷ್ಟು ಈ ಸ್ತೋತ್ರ ಅವರ ಹೆಸರನ್ನು ಆವರಿಸಿಕೊಂಡಿದೆ. ಜನರ ನೆನಪು ಸ್ತುತಿಯನ್ನು ಉಳಿಸಿಕೊಂಡು ಪ್ರಶ್ನೆಯನ್ನು ಕೈಬಿಟ್ಟಿತು.

ವಿದ್ವತ್‌ಪರಂಪರೆಯಲ್ಲೂ ತತ್ತ್ವಪ್ರದೀಪಕ್ಕೆ ಮೊದಲ ಸ್ಥಾನ ಬಹುಕಾಲ ಉಳಿಯಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಜಯತೀರ್ಥರು ಭಾಷ್ಯಕ್ಕೆ ತತ್ತ್ವಪ್ರಕಾಶಿಕೆಯನ್ನೂ ಅನುವ್ಯಾಖ್ಯಾನಕ್ಕೆ ನ್ಯಾಯಸುಧೆಯನ್ನೂ ಬರೆದ ಬಳಿಕ ಪಾಠಪ್ರವಚನಗಳು ಅವುಗಳ ಸುತ್ತಲೇ ನಡೆದುವು. ಕಾವ್ಯಮಯವಾದ ಶೈಲಿಯ ತತ್ತ್ವಪ್ರದೀಪಕ್ಕಿಂತ ಜಯತೀರ್ಥರ ತಿಳಿಯಾದ, ಅಳೆದು ತೂಗಿದ ಗದ್ಯ ಪಾಠಕ್ಕೆ ಹೆಚ್ಚು ಅನುಕೂಲವಾಗಿದ್ದುದು ಇದಕ್ಕೆ ಒಂದು ಕಾರಣವಿರಬಹುದು. ಆದರೆ ನ್ಯಾಯಸುಧೆಯ ಕೀರ್ತಿಯಲ್ಲಿ ತ್ರಿವಿಕ್ರಮರಿಗೂ ಒಂದು ಪಾಲಿದೆ. ಅವರು ಕೇಳದಿದ್ದರೆ ಅನುವ್ಯಾಖ್ಯಾನವಿಲ್ಲ, ಅನುವ್ಯಾಖ್ಯಾನವಿಲ್ಲದಿದ್ದರೆ ಸುಧೆಯಿಲ್ಲ.

ಕರಾವಳಿಯಲ್ಲಿ ಹುಟ್ಟಿದ ಈ ಪಾಠಕ್ರಮ ಇಂದು ನಡೆಯುತ್ತಿರುವ ಕೇಂದ್ರಗಳಲ್ಲಿ ಒಂದು ದಕ್ಷಿಣ ಬೆಂಗಳೂರಿನಲ್ಲಿದೆ. ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠ ಶ್ರೀನಗರಕ್ಕೆ ಸಮೀಪದ ಕತ್ರಿಗುಪ್ಪೆಯಲ್ಲಿದೆ. ಅಲ್ಲಿ ವರ್ಷಗಟ್ಟಲೆ ಓದಿದ ವಿದ್ಯಾರ್ಥಿಗಳು ನ್ಯಾಯಸುಧೆಯ ಪಾಠವನ್ನು ಮುಗಿಸಿದಾಗ ಸುಧಾಮಂಗಳವೆಂಬ ಮಹೋತ್ಸವ ನಡೆಯುತ್ತದೆ. ವಿದ್ವಾಂಸರ ಎದುರಿನಲ್ಲಿ ಶಿಷ್ಯರು ಗ್ರಂಥದ ವಿಷಯಗಳನ್ನು ಅನುವದಿಸಿ, ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಮುದ್ರಿತ ಪುಸ್ತಕ ಎಲ್ಲರ ಮನೆಯಲ್ಲಿಯೂ ಇದೆ, ಮಾತನ್ನು ಹಿಡಿದಿಡುವ ಯಂತ್ರ ಎಲ್ಲರ ಕಿಸೆಯಲ್ಲಿಯೂ ಇದೆ. ಆದರೂ ವಾಕ್ಯಾರ್ಥ ಗೋಷ್ಠಿಯಲ್ಲಿ ಎದುರಿನ ಪ್ರಶ್ನೆಯನ್ನು ಮೊದಲು ತಾನೇ ಹೇಳಿ, ಆಮೇಲೆ ಉತ್ತರಕ್ಕೆ ತೊಡಗುವ ಕ್ರಮ ಬದಲಾಗಿಲ್ಲ.

ನಾರಾಯಣ ಪಂಡಿತರು ತಂದೆಯ ವಾದವನ್ನು ಬರೆಯಲು ಕುಳಿತಾಗ ಅವರ ಮುಂದೆ ಇದ್ದುದು ಸಭೆಯ ಟಿಪ್ಪಣಿಯಲ್ಲ. ತಂದೆಯ ತತ್ತ್ವಪ್ರದೀಪ, ಆಚಾರ್ಯರ ಅನುವ್ಯಾಖ್ಯಾನ, ಮತ್ತು ಮನೆಯಲ್ಲಿ ಕೇಳಿದ ಮಾತು. ಹದಿನೈದನೆಯ ಸರ್ಗದ ಪ್ರಮೇಯಗಳನ್ನು ಈ ಎರಡು ಗ್ರಂಥಗಳ ಮೊದಲ ಅಧ್ಯಾಯಗಳೊಡನೆ ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸ ನಡೆದರೆ, ವಿಷ್ಣುಮಂಗಲದಲ್ಲಿ ತ್ರಿವಿಕ್ರಮರು ಒಡ್ಡಿದ ಪೂರ್ವಪಕ್ಷದ ಎಷ್ಟೋ ಭಾಗವನ್ನು ಮರಳಿ ಜೋಡಿಸಲು ಸಾಧ್ಯವಾದೀತು. ಕಾವ್ಯ ಬಿಟ್ಟ ಜಾಗಗಳನ್ನು ಶಾಸ್ತ್ರಗ್ರಂಥಗಳಿಂದ ತುಂಬುವ ಈ ಓದಿಗೆ ಕೈದೀವಿಗೆಯಾಗಿ ಮಗನ ಭಾವಪ್ರಕಾಶಿಕೆ ಇದ್ದೇ ಇದೆ. ಪೆಜತ್ತಾಯರ ಮನೆಯ ಹೆಸರನ್ನು ಉಳಿಸಿದ್ದೂ ಆ ಟಿಪ್ಪಣಿಯೇ.